ವಾರಸುದಾರರು ಇದ್ದಾರೆ ಸ್ವಾಮಿ!

2015ರ ಫೆಬ್ರವರಿ 28. ಅರುಣ್ ಜೇಟ್ಲಿ ಸಂಸತ್ತಿನಲ್ಲಿ ಬಜೆಟ್ ಓದ್ತಾ ಇದ್ರು. ಆದಾಯ ತೆರಿಗೆ ಕಡಿಮೆ ಆಗುತ್ತಾ ಅಂತ ಎಲ್ಲರೂ ಕಾಯ್ತಾ ಇದ್ದಾಗ ಒಂದು ಮಾತು ಹಾಗೇ ಹಾದುಹೋಯ್ತು. ಪಿಪಿಎಫ್‌ನಲ್ಲಿ ಸುಮಾರು 3,000 ಕೋಟಿ, ನೌಕರರ ಭವಿಷ್ಯ ನಿಧಿಯಲ್ಲಿ ಸುಮಾರು 6,000 ಕೋಟಿ ರೂಪಾಯಿ ಯಾರೂ ಕೇಳದೆ ಬಿದ್ದಿದೆ, ಇಂಥ ಹಣದಿಂದ ಹಿರಿಯ ನಾಗರಿಕರ ಕಲ್ಯಾಣ ನಿಧಿ ಮಾಡುತ್ತೇವೆ ಅಂದ್ರು.

ಆರು ಸಾವಿರ ಕೋಟಿ! ಬೆವರು ಸುರಿಸಿ ಉಳಿಸಿದ ದುಡ್ಡನ್ನ ಯಾರಾದರೂ ಮರೀತಾರಾ? ಉತ್ತರ ಬೇಕಂದ್ರೆ 1951ಕ್ಕೆ ಹೋಗಬೇಕು.

ಆ ವರ್ಷದ ನವೆಂಬರ್ 15ರಂದು ಭವಿಷ್ಯ ನಿಧಿ ಸುಗ್ರೀವಾಜ್ಞೆ ಬಂತು. 1952ರಲ್ಲಿ ಅದೇ ಕಾಯ್ದೆಯಾಯ್ತು. ಮೊದಲಿಗೆ ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್, ಕಬ್ಬಿಣ-ಉಕ್ಕು, ಕಾಗದ, ಜವಳಿ, ಈ ಆರೇ ಉದ್ಯಮಗಳು. ಕಾರ್ಮಿಕನ ಸಂಬಳದಿಂದ ಶೇ. 6.25, ಮಾಲೀಕನಿಂದ ಅಷ್ಟೇ. ಯೋಜನೆ ಒಳ್ಳೆಯದೇ. ಆದರೆ ಖಾತೆ ಸಂಖ್ಯೆಯೊಳಗೇ ಕಾರ್ಖಾನೆಯ ಸಂಖ್ಯೆ ಸೇರಿಕೊಂಡಿತ್ತು. ಅಂದ್ರೆ ಖಾತೆ ಕಟ್ಟಿಹಾಕಿದ್ದು ಮನುಷ್ಯನಿಗಲ್ಲ, ಕಾರ್ಖಾನೆಗೆ. ಕೆಲಸ ಬದಲಾದರೆ ಹೊಸ ನಂಬರ್. ಹಳೇ ದುಡ್ಡು ತರಬೇಕಾ? ಫಾರಂ 13 ತುಂಬಿ, ಮಾಲೀಕರ ಸಹಿ ಹಾಕಿಸಿ. ಕಾರ್ಖಾನೆಯೇ ಬಾಗಿಲು ಹಾಕಿದ್ದರೆ ಸಹಿ ಯಾರದ್ದು?

ನಾನೂ ಹೀಗೆ ಸಿಕ್ಕಿಬಿದ್ದವನೇ. ಎಂಜಿನಿಯರಿಂಗ್ ಮುಗಿಸಿ ಮೊದಲು ಸೇರಿದ ಕಂಪನಿಯಲ್ಲಿ 14 ತಿಂಗಳಿದ್ದೆ. ಮೈಕ್ ಹಿಡಿಯೋ ಹುಚ್ಚಿನಲ್ಲಿ ಕೆಲಸ ಬಿಟ್ಟೆ, ಪಿಎಫ್ ಕೂಡ ಅಲ್ಲೇ ಬಿಟ್ಟೆ. ವರ್ಷಗಳಾದ ಮೇಲೆ ಹುಡುಕಿದರೆ, ಅಲ್ಲಿ ನನ್ನ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ! ಒಂದು ಅಕ್ಷರ ಜಾಗ ಬದಲಿಸಿದ್ದಕ್ಕೆ ನಾಲ್ಕು ತಿಂಗಳು ಓಡಾಡಿದೆ. ಕಂಪ್ಯೂಟರ್ ಗೊತ್ತಿರೋ ನನ್ನ ಪಾಡೇ ಇದಾದ್ರೆ, ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳ ಗತಿ ಏನು?

ಅದನ್ನ ಆ ಹೆಣ್ಣುಮಕ್ಕಳೇ ಹೇಳಿದ್ರು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ತೆಗೆಯುವಂತಿಲ್ಲ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದ್ರು. ಹೊಸೂರು ರಸ್ತೆ ನಿಂತುಹೋಯ್ತು. ಬಸ್ಸುಗಳಿಗೆ ಬೆಂಕಿ ಬಿತ್ತು. ಅದು ತಪ್ಪು, ಅನುಮಾನವೇ ಇಲ್ಲ. ಆದರೆ ಸಿಟ್ಟು ಸುಳ್ಳಲ್ಲ. 19ರಂದೇ ಸರ್ಕಾರ ನಿಯಮ ವಾಪಸ್ ತಗೊಂಡಿತು. ಉಳಿತಾಯದ ಬೆಲೆ ಗೊತ್ತಿಲ್ಲದ ಹೆಂಗಸರು ಅಂತ ಕೆಲವರು ಮೂಗು ಮುರಿದ್ರು. ನನಗನ್ನಿಸಿದ್ದೇ ಬೇರೆ. ಕಣ್ಣಿಗೆ ಕಾಣದ ಕಡೆ ಬಿಟ್ಟ ದುಡ್ಡು ಮತ್ತೆ ಕೈಗೆ ಬರುತ್ತೆ ಅನ್ನೋ ನಂಬಿಕೆಯನ್ನೇ ವ್ಯವಸ್ಥೆ ಅವರಿಗೆ ಕೊಟ್ಟಿರಲಿಲ್ಲ.

ಕೊಡೋ ಹಾಗೆ ಎಲ್ಲಿ ನಡ್ಕೊಂಡಿತ್ತು ಹೇಳಿ? 2011ರ ಏಪ್ರಿಲ್‌ನಿಂದ, 36 ತಿಂಗಳು ವಂತಿಗೆ ಬರದ ಖಾತೆಗೆ ಬಡ್ಡಿಯನ್ನೇ ನಿಲ್ಲಿಸಿದ್ರು. 2016ರ ನವೆಂಬರ್‌ನಲ್ಲಿ ಅದನ್ನ ತಿದ್ದಿದ್ರು. 2014ರ ಅಕ್ಟೋಬರ್‌ನಲ್ಲಿ 12 ಅಂಕಿಯ ಯುಎಎನ್ ಬಂದಾಗಲೇ ಖಾತೆ ಕಾರ್ಖಾನೆ ಬಿಟ್ಟು ಮನುಷ್ಯನ ಹಿಂದೆ ಬರೋಕೆ ಶುರುವಾಗಿದ್ದು. ಕಾಯ್ದೆ ಬಂದು 62 ವರ್ಷ ಆದ ಮೇಲೆ! ಅದಕ್ಕೂ ಮುಂಚೆ ಕೆಲಸ ಬಿಟ್ಟವರಲ್ಲಿ ಎಷ್ಟೋ ಜನ ಆ ನಂಬರಿನ ಹೊರಗೇ ಉಳಿದ್ರು.

ಹಾಗಾದ್ರೆ ಆ ದುಡ್ಡು ಹೋಯ್ತಾ? ಇಲ್ಲ. 2015ರ ಹಣಕಾಸು ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ, ನಿಷ್ಕ್ರಿಯ ಎಂದು ಘೋಷಣೆಯಾಗಿ ಏಳು ವರ್ಷ ಯಾರೂ ಕೇಳದಿದ್ದರೆ ಹಣ ಕಲ್ಯಾಣ ನಿಧಿಗೆ ಹೋಗುತ್ತೆ. ಹೋದ ಮೇಲೂ 25 ವರ್ಷ ಕೇಳೋ ಹಕ್ಕಿದೆ. ಆಮೇಲಷ್ಟೇ ಅದು ಸರ್ಕಾರದ್ದು.

ಅದಕ್ಕೇ ಹೇಳೋದು, ಇವತ್ತೇ ಅಪ್ಪನ ಟ್ರಂಕ್ ತೆಗೀರಿ. ಹಳೇ ಸಂಬಳದ ಚೀಟಿ, ಪಿಎಫ್ ಸ್ಲಿಪ್, ಕಾರ್ಖಾನೆಯ ಗುರುತಿನ ಚೀಟಿ ಹುಡುಕಿ. ಅದನ್ನ ಹಿಡ್ಕೊಂಡು ಪಿಎಫ್ ಕಚೇರಿಗೆ ಹೋಗಿ. ಕಾರ್ಖಾನೆ ಮುಚ್ಚಿದ್ದರೆ ಬ್ಯಾಂಕ್ ಮ್ಯಾನೇಜರ್ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣಕ್ಕೆ ಅವಕಾಶವಿದೆ. ಅಪ್ಪ ಇಲ್ಲವಾದರೆ ನಾಮಿನಿ ಅಥವಾ ವಾರಸುದಾರರು ಫಾರಂ 20 ಹಾಕಬಹುದು.

ಕಡತದಲ್ಲಿ ಅದಕ್ಕೆ ಯಾರೂ ಕೇಳದ ಹಣ ಅಂತಾರೆ. ಕೇಳೋರು ಇದ್ದಾರೆ ಸ್ವಾಮಿ. ಎಲ್ಲಿ ಕೇಳಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ.