ನಮ್ಮ ಕೇರಿಯ ಬೆಳಕಿನ ಲೆಕ್ಕ



ಮೊನ್ನೆ ಆಫೀಸಿನಲ್ಲಿ ಚಹಾ ಕುಡಿಯೋವಾಗ ಸಹೋದ್ಯೋಗಿಯೊಬ್ಬರು ನಗುತ್ತಾ ಅಂದ್ರು: "ನಿಮಗೇನ್ರಿ, ಕರೆಂಟೂ ಫ್ರೀ." ಅವರ ಮನೆಗೂ ಗೃಹಜ್ಯೋತಿಯ ಸೊನ್ನೆ ಬಿಲ್ಲೇ ಬರ್ತದೆ. ಆದ್ರೂ ಫ್ರೀ ತಿನ್ನೋರು ಮಾತ್ರ ನಾವು! ಅವತ್ತು ಸುಮ್ಮನಿದ್ದೆ. ನಾನು ಗುಮಾಸ್ತ, ಲೆಕ್ಕ ಬರೆಯೋದೇ ನನ್ನ ಕೆಲಸ. ಈ ಲೆಕ್ಕವನ್ನೂ ಬರೆದು ಇಡ್ತೀನಿ.

ನಮ್ಮ ರಾಜ್ಯದ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಅದು ಮೊದಲು ಹೋಗಿದ್ದು ಯಾರ ಮನೆಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಮೊದಲು ಚಿನ್ನ, ಆಮೇಲೆ ಪಟ್ಟಣ. ಊರು ಆಮೇಲೆ, ಕೇರಿ ಎಲ್ಲಕ್ಕಿಂತ ಕೊನೆಗೆ.

1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು. ಕಾರ್ಮಿಕ ಖಾತೆಯ ಜೊತೆ ವಿದ್ಯುತ್ತಿನ ವಿಚಾರವೂ ಅವರ ಕೈಯಲ್ಲಿತ್ತು. ಬಡತನ ಹೋಗಬೇಕಾದರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗದ, ಹೇರಳವಾದ ಕರೆಂಟು ಬೇಕು ಅನ್ನೋದು ಅವರ ವಾದ. ಸಂವಿಧಾನ ಬರೆದವರು ಅಂತ ಅವರ ಫೋಟೋಕ್ಕೆ ಹಾರ ಹಾಕ್ತೀವಿ, ಈ ಕೆಲಸ ಮಾತ್ರ ನಮ್ಮವರಿಗೇ ಗೊತ್ತಿಲ್ಲ. ಅದೇ ಕಾಲದಲ್ಲಿ, 1945ರಲ್ಲಿ, ನಮ್ಮ ಹೊಸಪೇಟೆ ಹತ್ತಿರ ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿತ್ತು. ಮುಂದೆ ಡ್ಯಾಮಿನ ಬುಡದಲ್ಲೂ ಹಂಪಿಯಲ್ಲೂ ಪವರ್ ಹೌಸ್ ಆದವು. ಈಗ ಕುಡತಿನಿಯಲ್ಲಿ 1,700 ಮೆಗಾವಾಟಿನ ಥರ್ಮಲ್ ಸ್ಥಾವರ ಇದೆ, ದರೋಜಿಗೆ ದೂರವೇನಲ್ಲ. ದರೋಜಿ ಅಂದ್ರೆ ಹೊರಗಿನವರಿಗೆ ಕರಡಿಧಾಮ, ಕೆರೆ, ಬುರ್ರಕಥಾ ಈರಮ್ಮ. ನಮಗೆ ದರೋಜಿ ಅಂದ್ರೆ ತಲೆ ಮೇಲೆ ತಂತಿ, ಮನೆಯೊಳಗೆ ಚಿಮಣಿ.

1970ರ ದಶಕದ ಕೊನೆಗೆ ಭಾಗ್ಯಜ್ಯೋತಿ ಬಂತು. ಬಡವರ ಮನೆಗೆ ಒಂದು ಬಲ್ಬು. ನಮ್ಮ ಮನೆಗೆ ಬಂದಾಗ ನಾನು ಪ್ರೈಮರಿ ಶಾಲೆ ಹುಡುಗ. ನಡುಮನೆ ತೊಲೆಗೆ ನೇತುಬಿಟ್ಟ ಆ ಬಲ್ಬನ್ನು ಅವ್ವ ಮೊದಲ ದಿನ ಕೈಮುಗಿದು ನೋಡಿದಳು. ಅಪ್ಪನಿಗೆ ಮಾತ್ರ ಹೆದರಿಕೆ. ಊಟ ಆದ ಕೂಡ್ಲೇ, "ಆರಿಸ್ರೋ, ಯಾರಾರ ಬಂದು ಕೇಳಿದ್ರ?" ಅಂತಿದ್ದ. ಹಕ್ಕು ಅಂತ ಯಾರೂ ಹೇಳಿರಲಿಲ್ಲ, ದಾನ ಅಂತಲೇ ಕೊಟ್ಟಿದ್ದರು. ದಾನ ಇಸ್ಕೊಂಡವನಿಗೆ ಹೆದರಿಕೆ ಬಿಡೋದಿಲ್ಲ.

ಆಮೇಲೆ 2003ರ ವಿದ್ಯುತ್ ಕಾಯ್ದೆ ಬಂತು. ಎಲ್ಲರಿಗೂ ಮೀಟರ್ ಕಡ್ಡಾಯ. ನಮಗೂ ಹಾಕಿದರು. ತಿಂಗಳಿಗೆ 18 ಯೂನಿಟ್ ತನಕ ಸರ್ಕಾರದ್ದು, ದಾಟಿದರೆ ಬಿಲ್. ಎಷ್ಟೋ ತಿಂಗಳು ರೀಡಿಂಗ್ ನೋಡೋಕೆ ಯಾರೂ ಬರಲಿಲ್ಲ. ಒಂದಿನ ಬಂದರು, 3,400 ರೂಪಾಯಿ ಚೀಟಿ ಕೊಟ್ಟರು. ಅವ್ವನ ಕೂಲಿ ಆಗ ದಿನಕ್ಕೆ 40 ರೂಪಾಯಿ. ಹದಿನೈದು ದಿನಕ್ಕೆ ಫ್ಯೂಸ್ ಕಿತ್ಕೊಂಡು ಹೋದರು. ತಂಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. "ಕತ್ತಲ್ದಾಗ ಹುಟ್ಟೀವಿ, ನಮಗೇನು ಹೊಸದಲ್ಲ. ಹುಡುಗಿ ಓದಬೇಕಲ್ಲ" ಅಂತ ಅವ್ವ ಬೆಂಡೋಲೆ ಒತ್ತೆ ಇಟ್ಟಳು. ಕರೆಂಟು ಬರೋ ಹೊತ್ತಿಗೆ ಗಣಿತದ ಪರೀಕ್ಷೆ ಮುಗಿದಿತ್ತು. ತಂಗಿ ಗಣಿತದಲ್ಲಿ ಫೇಲಾದಳು. ಕತ್ತಲೇ ಕಾರಣ ಅಂತ ನಾನು ಹೇಳಲ್ಲ. ಅವ್ವ ಇವತ್ತಿಗೂ ಹೇಳ್ತಾಳೆ. ಬೆಂಡೋಲೆ ಮಾತ್ರ ವಾಪಸ್ ಬರಲೇ ಇಲ್ಲ.

ಮುಂದೆ 2017ರಲ್ಲಿ 18 ಇದ್ದದ್ದು 40 ಯೂನಿಟ್ ಆಯ್ತು. 2022ರಲ್ಲಿ ಬಿಪಿಎಲ್ ಕಾರ್ಡಿನ ಪರಿಶಿಷ್ಟರಿಗೆ ಅಮೃತ ಜ್ಯೋತಿ ಅಂತ 75. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಗೃಹಜ್ಯೋತಿಗೆ ಚಾಲನೆ ಸಿಕ್ತು, 200 ಯೂನಿಟ್ ತನಕ. ಸ್ವಾಗತವೇ. ಆದ್ರೆ ಒಳಗಿನ ಲೆಕ್ಕ ನೋಡ್ರಿ. ಎಲ್ಲರಿಗೂ 200 ಅಲ್ಲ. ಹಿಂದಿನ ವರ್ಷ ನೀವು ಸುಟ್ಟಿದ್ದರ ಸರಾಸರಿ, ಅದರ ಮೇಲೆ ಶೇ. 10. ಫ್ರಿಜ್ಜು, ಗೀಸರ್ ಇಟ್ಕೊಂಡು 150 ಸುಟ್ಟವರಿಗೆ 165 ಉಚಿತ. ಒಂದು ಬಲ್ಬು, ಒಂದು ಫ್ಯಾನಿನ 30 ಯೂನಿಟ್ ಮನೆಗೆ 33. ಹಿಂದಿನ ಕತ್ತಲೇ ಮುಂದಿನ ಬೆಳಕಿಗೆ ಅಳತೆ ಆಯ್ತು. 2024ರ ಜನವರಿಯಲ್ಲಿ ಇದನ್ನ ಸ್ವಲ್ಪ ತಿದ್ದಿದರು: ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್. 33 ಇದ್ದದ್ದು 40 ಆಯ್ತು. ಈಗ ಹೇಳ್ರಿ, ಜಾಸ್ತಿ ಫ್ರೀ ತಿಂದವರು ಯಾರು?

10 ಎಚ್‌ಪಿ ತನಕ ರೈತರ ಪಂಪ್‌ಸೆಟ್ಟಿಗೂ ಕರೆಂಟು ಉಚಿತ. ಬೇಕು, ತಪ್ಪೇನಿಲ್ಲ. ಆದ್ರೆ ಭೂಮಿನೇ ಇಲ್ಲದವನಿಗೆ ಪಂಪ್‌ಸೆಟ್ ಎಲ್ಲಿಂದ?

ಅಪ್ಪನಿಗೆ ಯಾರೂ ಹೇಳದ ನಾಲ್ಕು ಮಾತು ಕೇರಿಯ ಹುಡುಗರಿಗೆ ಹೇಳ್ತೀನಿ. ಒಂದು, ಗೃಹಜ್ಯೋತಿಗೆ ಅರ್ಜಿ ಹಾಕದ ಮನೆ ಇದ್ದರೆ ಆಧಾರ್, ಬಿಲ್ ಹಿಡ್ಕೊಂಡು ಗ್ರಾಮ ಒನ್‌ಗೆ ಹೋಗ್ರಿ. ಬಾಡಿಗೆಯವರಿಗೂ ಸಿಗ್ತದೆ. ಎರಡು, ನಿಮ್ಮ ಪಾಲು ಮೀರಿದರೆ ಹೆಚ್ಚಿನದ್ದಕ್ಕೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಮೂರು, ಬಾಕಿ ಇದೆ ಅಂತ ಹೇಳದೇ ಕೇಳದೇ ಫ್ಯೂಸ್ ಕೀಳಂಗಿಲ್ಲ. 2003ರ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ 15 ದಿನ ಮೊದಲು ಬರಹದಲ್ಲಿ ನೋಟಿಸ್ ಕೊಡಬೇಕು. ಎರಡು ವರ್ಷ ದಾಟಿದ ಬಾಕಿಯನ್ನು ಬಿಲ್ಲಿನಲ್ಲಿ ಸತತವಾಗಿ ತೋರಿಸಿಲ್ಲ ಅಂದ್ರೆ ವಸೂಲಿ ಮಾಡಂಗಿಲ್ಲ. ನಾಲ್ಕು, ಬಿಲ್ ತಪ್ಪು ಅನಿಸಿದರೆ 1912ಕ್ಕೆ ಫೋನ್ ಮಾಡ್ರಿ, ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಗೆ ಬರೀರಿ. ಒಮ್ಮೆಗೇ ಕಟ್ಟೋಕೆ ಆಗದಿದ್ದರೆ ಕಂತು ಕೊಡ್ರಿ ಅಂತ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ರಿ. ನೂರಕ್ಕೆ ಹತ್ತರ ಬಡ್ಡಿಗೆ ಹೋಗೋದು ಕೊನೆಗೂ ಬೇಡ.

ಇಷ್ಟು ನನಗೆ ಅವತ್ತು ಗೊತ್ತಿದ್ದರೆ ಅವ್ವನ ಕಿವಿ ಬರಿದಾಗ್ತಿರಲಿಲ್ಲ.

ಬರೋ ಭಾನುವಾರ ದರೋಜಿಯಲ್ಲೇ ಇರ್ತೀನಿ. ಹಳೆ ಬಿಲ್ಲು, ನೋಟಿಸು ಏನಿದ್ದರೂ ತಗೊಂಡು ಬರ್ರಿ, ಕೂತು ಅರ್ಜಿ ಬರೆಯೋಣ. ಕಟ್ಟೋಕೆ ಆಗಿಲ್ಲ ಅಂತ ಯಾರೂ ನಾಚಿಕೋಬೇಡ್ರಿ.

ಜೈಭೀಮ್.