ಪಹಣಿಗೆ ಬಾರದ ನೆಲ: ಹೇಮಾವತಿ, ಕಬಿನಿ ಅಣೆಕಟ್ಟುಗಳು ಮತ್ತು ಸಾಂಪ್ರದಾಯಿಕ ಭೂಬಳಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರಿಗೆ ಹೇಮಾವತಿ ಎಂದರೆ ಕೆರೆಗೆ ಬರುವ ನೀರು. ನಾಲೆ ಹರಿದ ವರ್ಷ ಕೊಳವೆಬಾವಿಗಳಿಗೂ ಜೀವ ಬರುತ್ತದೆ. ಹಾಗಾಗಿ ಅಣೆಕಟ್ಟಿನ ಚರಿತ್ರೆಯನ್ನು ನಾವು ಟಿಎಂಸಿ ಲೆಕ್ಕದಲ್ಲೇ ಓದುತ್ತ ಬಂದಿದ್ದೇವೆ. ಪಟ್ಟೆ, ಪಹಣಿಗಳಿಲ್ಲದೆ ತಲೆಮಾರುಗಳಿಂದ ನೆಲವನ್ನು ಬಳಸಿಕೊಂಡು ಬಂದವರ ಕಡೆಯಿಂದ ಅದನ್ನು ಓದುವುದು ಈ ಲೇಖನದ ಉದ್ದೇಶ.

1. ನಾಲೆಗೆ ಮುಂಚಿನ ಸೀಮೆ

ಇದು ಎರಡು ನದಿಕೊಳ್ಳಗಳ ನಡುವಿನ ಎತ್ತರದ ನೆಲ. ತುರುವೇಕೆರೆ ಕಡೆಯ ಮಳೆನೀರು ಶಿಂಷಾ ಮೂಲಕ ಕಾವೇರಿಗೆ, ಹುಳಿಯಾರು ಕಡೆಯದು ವೇದಾವತಿ ಮೂಲಕ ಕೃಷ್ಣೆಯ ಕಡೆಗೆ ಹರಿಯುತ್ತದೆ. ಹುಳಿಯಾರು ಸೀಮೆಯ ಬೋರನಕಣಿವೆ ಜಲಾಶಯ 19ನೇ ಶತಮಾನದ ಕೊನೆಯ ಭಾಗದ್ದು. ಕೆರೆಯ ಕೆಳಗೆ ಗದ್ದೆ ಮತ್ತು ತೋಟ-ತುಡಿಕೆ, ಮೇಲೆ ರಾಗಿ ಹೊಲ, ಅದರಾಚೆ ಗೋಮಾಳ, ಹುಲ್ಲುಬನ್ನಿ, ಕಾವಲು: ಇದು ಇಲ್ಲಿನ ಊರುಗಳ ಹಳೆಯ ಭೂವಿನ್ಯಾಸ.

ದನಗಳ ಮೇವಿಗೆ ಮೀಸಲಾದ ಕಾವಲಿಗೆ ಅರಸೊತ್ತಿಗೆಯ ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನಿಸಿತು. ಅದೇ ಹೆಸರಿನ ದನದ ತಳಿಯ ಕೇಂದ್ರವೊಂದು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿದೆ. ಹುಲ್ಲುಗಾವಲಿನ ಇನ್ನೊಂದು ಚರಿತ್ರೆ ಕಾಡುಗೊಲ್ಲರದು. ಊರಿನಿಂದ ದೂರ, ಮುಳ್ಳುಬೇಲಿಯ ಹಟ್ಟಿಗಳಲ್ಲಿ ನೆಲೆಸಿ, ಜುಂಜಪ್ಪ, ಎತ್ತಪ್ಪರನ್ನು ಪೂಜಿಸುತ್ತ, ದೇವರೆತ್ತುಗಳನ್ನು ಸಾಕಿಕೊಂಡು ಬಂದ ಈ ಪಶುಪಾಲಕರ ಸಂಪ್ರದಾಯಗಳನ್ನು ತೀ.ನಂ. ಶಂಕರನಾರಾಯಣ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಸುಗ್ಗಿ ಮುಗಿದ ಹೊಲದಲ್ಲಿ, ತೋಟದಲ್ಲಿ ಕುರಿಮಂದೆ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ, ಮಂದೆಯವರಿಗೆ ಕಾಳು. ಬೆಳೆಗಾರನಿಗೂ ಕುರಿಗಾಹಿಗೂ ಇದ್ದ ಈ ಕೊಡುಕೊಳೆಯನ್ನು ಪಹಣಿ ಹಿಡಿದಿಡಲಿಲ್ಲ.

2. ಒಂದೇ ಕಾಲದ ಎರಡು ಅಣೆಕಟ್ಟು

ದಾಖಲೆಗೆ ಬಾರದ ನಷ್ಟವನ್ನು ಅಳೆಯಲು ಹೇಮಾವತಿಯ ಜೊತೆಗೆ ಕಬಿನಿಯನ್ನೂ ಇಟ್ಟು ನೋಡಬೇಕು. ಕಾವೇರಿ ಕೊಳ್ಳದ ಈ ಎರಡು ಯೋಜನೆಗಳು ಒಂದೇ ಕಾಲದವು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಆನೆ ಹಿಡಿಯುವ ಖೆಡ್ಡಾಗಳಿಗೆ ಹೆಸರಾದ ಕಾಕನಕೋಟೆ ಕಾಡಿನ ಭಾಗ ಹಿನ್ನೀರಿಗೆ ಸೇರಿತು. ಜೇನು, ಗೆಡ್ಡೆ-ಗೆಣಸಿಗೆ ಆ ಕಾಡನ್ನೇ ನಂಬಿದ್ದ ಜೇನುಕುರುಬರು ಮತ್ತು ಬೆಟ್ಟಕುರುಬರ ಹಲವು ಹಾಡಿಗಳು, ಅಂದರೆ ಕಾಡಿನೊಳಗಿನ ನೆಲೆಗಳು, ಎತ್ತಂಗಡಿಯಾದವು. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ. ಅಲ್ಲಿ ಮುಳುಗಿದ್ದು ಬೇಸಾಯದ ಹಳ್ಳಿಗಳು. ಶೆಟ್ಟಿಹಳ್ಳಿಯ ಪಾಳು ಚರ್ಚು ಇಂದಿಗೂ ಹಿನ್ನೀರಿನಲ್ಲಿ ನಿಂತಿದೆ.

ಆಗ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯ್ದೆ. ಅದು ಪರಿಹಾರ ಕೊಡುತ್ತಿದ್ದುದು ದಾಖಲೆಯಲ್ಲಿರುವ ಹಕ್ಕಿಗೆ. ಗೊರೂರಿನ ಹಿಡುವಳಿದಾರನ ಕೈಯಲ್ಲಿ ಪಟ್ಟೆಯಾದರೂ ಇತ್ತು. ಜೇನುಕುರುಬರಿಗೆ ಇಡೀ ಕಾಡು ಬದುಕಿನ ನೆಲವಾಗಿತ್ತು. ಕಾಗದದಲ್ಲಿ ಅದು ಅರಣ್ಯ ಇಲಾಖೆಯದು. ಅವರು ಕಳೆದುಕೊಂಡದ್ದನ್ನು ಬರೆದುಕೊಳ್ಳಲು ಲೆಕ್ಕದ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

3. ನಾಲೆ ಬಂದ ಮೇಲೆ

ಬಾಗೂರು-ನವಿಲೆ ಸುರಂಗ ದಾಟಿ ನೀರು ತುಮಕೂರು ಜಿಲ್ಲೆಗೆ ಬಂತು. ತೋಟ ಕೆರೆಯಂಚನ್ನು ಬಿಟ್ಟು ಹೊಲಕ್ಕೆ, ಹೊಲದಿಂದ ದಿಣ್ಣೆಗೆ ಏರಿತು. ಇದಕ್ಕೆ ನಾಲೆಯೊಂದನ್ನೇ ಹೊಣೆ ಮಾಡಲಾಗದು. 1940ರ ದಶಕದ 'ಹೆಚ್ಚು ಆಹಾರ ಬೆಳೆಯಿರಿ' ಆಂದೋಲನ, ದರಖಾಸ್ತು ಮಂಜೂರಾತಿ, ಬಗರ್‌ಹುಕುಂ ಸಾಗುವಳಿ, ಕೊಳವೆಬಾವಿ ಎಲ್ಲವೂ ಕಾವಲನ್ನು ಕಿರಿದಾಗಿಸಿದವು. ಆದರೆ ನೀರು ಬರುತ್ತದೆಂಬ ಭರವಸೆ ಒಣನೆಲಕ್ಕೂ ಬೆಲೆ ತಂದಿತು. ಬೇಲಿ ಬಿದ್ದಲ್ಲಿ ಮಂದೆಯ ದಾರಿ ತುಂಡಾಯಿತು.

4. ಸಮಾರೋಪ

ಮುಳುಗಿದ ಕಾಡು, ಬೇಲಿ ಬಿದ್ದ ಹುಲ್ಲುಗಾವಲು ಒಂದೇ ತೂಕದ ನಷ್ಟಗಳಲ್ಲ. ಹಾಡಿಯವರು ಒಕ್ಕಲೆಬ್ಬಿಸಲ್ಪಟ್ಟರು, ಹಟ್ಟಿಯವರು ನಿಂತಲ್ಲೇ ನೆಲ ಕಳೆದುಕೊಂಡರು. ಎರಡೂ ಕಡೆ ಬಳಕೆಯನ್ನು ಹಕ್ಕೆಂದು ಎಣಿಸದ ತಪ್ಪು ಒಂದೇ. 2006ರ ಅರಣ್ಯ ಹಕ್ಕು ಕಾಯ್ದೆ ಪಶುಪಾಲಕರ ಮೇವಿನ ಹಕ್ಕನ್ನೂ ಹೆಸರಿಸಿತು. ಆದರೆ ಅದರ ವ್ಯಾಪ್ತಿ ಅರಣ್ಯ ಭೂಮಿಗೆ ಸೀಮಿತ. ಊರ ಗೋಮಾಳ ಕಂದಾಯ ಇಲಾಖೆಯದು.

ಆದ್ದರಿಂದ ಹೊಸ ನಾಲೆಗೆ ಸರ್ವೆ ಕಲ್ಲು ನೆಡುವ ಮುನ್ನ ಮಂದೆಯ ದಾರಿ, ದನ ನೀರು ಕುಡಿಯುವ ಕಟ್ಟೆ, ಹಟ್ಟಿಯ ಮೇವುನೆಲಗಳನ್ನು ಗ್ರಾಮಸಭೆಯಲ್ಲಿ ಹಟ್ಟಿಯವರನ್ನೇ ಕೇಳಿ ಗ್ರಾಮ ನಕ್ಷೆಯಲ್ಲಿ ಗುರುತಿಸಬೇಕು. ತೆಂಗಿನ ಬುಡಕ್ಕೆ ಗೊಬ್ಬರ ಕೊಟ್ಟ ಮಂದೆಗೆ ನಿಲ್ಲಲು ನೆಲ ಉಳಿಸುವುದು ನೀರು ಪಡೆದ ಸೀಮೆಯ ಋಣ.