ಕಾಳಗದ ಆಟವೂ ಪಡೆಯ ಆಜ್ಞೆಯೂ: ಉತ್ತರ ಕೊಂಕಣದ ಸಾಕ್ಷ್ಯ

ಕಾಳಗವನ್ನು ಆಟವಾಗಿಸಿಕೊಳ್ಳುವ ಬುದ್ಧಿ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸೇನೆಯ ವಿಚಾರವೂ ಇದೆ, ಚತುರಂಗದಾಟದ ವಿಚಾರವೂ ಇದೆ. (ಈ ಕಲ್ಯಾಣವು ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ, ಠಾಣೆಯ ನೆರೆಯ ಕಲ್ಯಾಣವಲ್ಲ. ಹೆಸರಿನ ಸಾಮ್ಯವನ್ನು ನಂಬಿ ಎರಡನ್ನೂ ಒಂದೆಂದೆಣಿಸಿದವರು ಇಲ್ಲದಿಲ್ಲ.) ಎರಡು ಪ್ರಕರಣಗಳನ್ನೂ ಒಬ್ಬನೇ ಬರೆದಿದ್ದರೂ ಅವುಗಳ ನಡುವಣ ಅಂತರ ಎದ್ದು ಕಾಣುವಂಥದು. ಮಣೆಯ ಮೇಲಿನ ಕಾಲಾಳು ಆಡುವವನ ಬೆರಳು ತಳ್ಳಿದತ್ತ ಹೋಗುತ್ತದೆ. ಅದಕ್ಕೆ ಹಸಿವಿಲ್ಲ, ಋಣವಿಲ್ಲ, ಭಯವೂ ಇಲ್ಲ. ಸೇನೆಯ ಪ್ರಕರಣದಲ್ಲಾದರೋ ಬಲವನ್ನು ಮೌಲ, ಭೃತ್ಯ, ಮಿತ್ರ, ಶ್ರೇಣಿ, ಆಟವಿಕ, ಅಮಿತ್ರ ಎಂದು ಆರು ಬಗೆಯಾಗಿ ವಿಂಗಡಿಸಲಾಗಿದೆ. ತಲೆಮಾರುಗಳಿಂದ ಒಡೆಯನನ್ನು ಅನುಸರಿಸಿ ಬಂದವನು, ಸಂಬಳಕ್ಕೆ ಬಂದವನು, ಕಾಡಿನಿಂದ ಬಂದವನು, ನಿನ್ನೆ ಶತ್ರುವಿನ ಕಡೆಯಿದ್ದು ಇಂದು ಈಚೆಗೆ ಬಂದವನು, ಇವರೆಲ್ಲರ ಕೈಯಲ್ಲಿರುವುದು ಒಂದೇ ಕತ್ತಿಯಾದರೂ ನಿಲ್ಲುವ ಕಾರಣ ಒಂದೇ ಅಲ್ಲ. ಸೇನೆಯನ್ನು ಆಯುಧದಿಂದಲ್ಲದೆ ನಿಷ್ಠೆಯ ಮೂಲದಿಂದ ವಿಂಗಡಿಸಿದ ಈ ಕ್ರಮವು ಯುದ್ಧವನ್ನು ಕಂಡವರ ಕ್ರಮ.

ಚತುರಂಗದ ಮಣೆಯ ಸ್ಥಾನಕ್ಕೆ ಇಂದು ಗಣಕಯಂತ್ರದ ತೆರೆ ಬಂದಿದೆ. ಮಧ್ಯಯುಗದ ಕಾಳಗವನ್ನು ವಸ್ತುವಾಗಿ ಉಳ್ಳ ವಿಡಿಯೋ ಆಟಗಳಲ್ಲಿ ಎರಡು ಮಾದರಿಗಳು ಪ್ರಸಿದ್ಧವಾಗಿವೆ. ಇಂಗ್ಲೆಂಡಿನಲ್ಲಿ ನಿರ್ಮಾಣವಾಗಿ ೨೦೦೨ರಲ್ಲಿ ಹೊರಬಂದ ‘ಮೆಡೀವಲ್: ಟೋಟಲ್ ವಾರ್’ ಎಂಬುದರಲ್ಲಿ ಆಡುವವನು ಹದ್ದಿನಂತೆ ಮೇಲಿನಿಂದ ರಣರಂಗವನ್ನೆಲ್ಲ ನೋಡುತ್ತ ಹಲವು ದಳಗಳನ್ನು ನಡೆಸುತ್ತಾನೆ. ಟರ್ಕಿಯ ಅಂಕಾರಾ ನಗರದ ಟೇಲ್‌ವರ್ಲ್ಡ್ಸ್ ಸಂಸ್ಥೆ ನಿರ್ಮಿಸಿದ, ೨೦೦೮ರ ‘ಮೌಂಟ್ ಅಂಡ್ ಬ್ಲೇಡ್’ ಎಂಬುದರಲ್ಲಿ ಆಡುವವನು ತಾನೇ ಕುದುರೆಯೇರಿ ಕಾಳಗದ ನಡುವೆ ಇರುತ್ತಾನೆ. ಕಾಲಾಳು, ಬಿಲ್ಲಾಳು, ರಾವುತರ ಗುಂಪುಗಳಿಗೆ ನಿಲ್ಲು, ಹಿಂಬಾಲಿಸು, ಮೇಲೆ ಬೀಳು ಎಂಬ ಆಜ್ಞೆಗಳನ್ನು ಕೀಲಿಮಣೆಯಿಂದ ಕೊಡುತ್ತಾನೆ. ಉತ್ತರ ಕೊಂಕಣದ ಮಧ್ಯಯುಗವನ್ನು ಕುರಿತು ಇಂಥ ಆಟವೊಂದನ್ನು ಯಾರಾದರೂ ರಚಿಸಹೊರಟರೆ ಅವರಿಗೆ ಬೇಕಾದುದು ಕತ್ತಿ ಕವಚಗಳ ಚಿತ್ರಗಳಷ್ಟೇ ಅಲ್ಲ. ಅಪ್ಪಣೆಯನ್ನು ಕೊಡುವವನು ಯಾರು, ಕೇಳುವವನು ಯಾರು, ಗದ್ದಲದ ನಡುವೆ ಅದು ಮುಟ್ಟುವುದು ಹೇಗೆ, ಮುಟ್ಟಿದರೂ ಪಾಲಿಸುವುದು ಏಕೆ? ಈ ಪ್ರಶ್ನೆಗಳು ಇತಿಹಾಸಕ್ಕೆ ಸೇರಿದವು.

ಗ್ರಂಥಗಳಲ್ಲಿ ಸಿದ್ಧ ಉತ್ತರವೊಂದಿದೆ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಕೂಡಿದರೆ ಪತ್ತಿ. ಮೂರು ಪತ್ತಿಗಳಿಗೆ ಒಂದು ಸೇನಾಮುಖ. ಮೂರು ಸೇನಾಮುಖಗಳಿಗೆ ಒಂದು ಗುಲ್ಮ. ಹೀಗೆಯೇ ಮೇಲೇರಿ ೨೧,೮೭೦ ರಥಗಳ ಅಕ್ಷೌಹಿಣಿ. ಮಹಾಭಾರತದ ಆದಿಪರ್ವದಲ್ಲಿ ಬರುವ ಈ ಲೆಕ್ಕವು ಆಟ ರಚಿಸುವವರಿಗೆ ಬಹಳ ಹಿಡಿಸುವಂಥದು. ಅಳತೆಗೆ ಕತ್ತರಿಸಿ ಇಟ್ಟಂತಿದೆ. ಆದರೆ ಶಿಲಾಹಾರರ ಕಾಲಕ್ಕೆ ರಥವು ರಣರಂಗದಿಂದ ಮರೆಯಾಗಿ ಎಷ್ಟೋ ಶತಮಾನಗಳು ಕಳೆದಿದ್ದವು. ರಥವಿಲ್ಲದ ಕಾಲದಲ್ಲಿ ರಥಸಹಿತವಾದ ಪತ್ತಿಯು ಪಂಡಿತರ ಸ್ಮರಣೆಯಲ್ಲಿ ಇದ್ದಿತೇ ಹೊರತು ಕಣದಲ್ಲಿ ಅಲ್ಲ. ಕಣದ ಸುದ್ದಿ ಬೇಕೆಂದರೆ ವೀರಗಲ್ಲುಗಳ ಬಳಿಗೇ ಹೋಗಬೇಕು.

ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು ಸುಮಾರು ಕ್ರಿ. ಶ. ೯೦೦ರದು. ಗಂಗ ಎರೆಯಪ್ಪನು ಅಯ್ಯಪದೇವನ ನೆರವಿಗೆಂದು ನಾಗತ್ತರನನ್ನು ಪಡೆಯೊಡನೆ ಕಳುಹಿಸಿದನು. ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾಳಗವಾಯಿತು. ಕಾಳಗ ಕೈಗೂಡದೆ ಹೋಗಲು ನಾಗತ್ತರನು ಆನೆಗಳ ನಡುವೆ ನುಗ್ಗಿ ಇರಿದು ಸತ್ತನು. ಇಷ್ಟೇ ಆಗಿದ್ದರೆ ಇದು ನೂರಾರು ವೀರಗಲ್ಲುಗಳಲ್ಲಿ ಒಂದಾಗುತ್ತಿತ್ತು. ಶಾಸನ ಮುಂದುವರಿಯುತ್ತದೆ: ಸುದ್ದಿ ಕೇಳಿದ ಎರೆಯಪ್ಪನು ‘ನಾಗತ್ತರ ಪಟ್ಟ’ವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನು. ಸತ್ತವನ ಹೆಸರೇ ಪಟ್ಟದ ಹೆಸರು. ಪಡೆಯ ತಲೆ ಬಿದ್ದ ಮೇಲೆ ಅದಕ್ಕೆ ಮತ್ತೊಂದು ತಲೆಯನ್ನು ಕೂಡಿಸುವ ಕೆಲಸ ಕಾಳಗದ ಕಣದಲ್ಲಿ ನಡೆಯಲಿಲ್ಲ. ಕಾಳಗ ಮುಗಿದ ಮೇಲೆ, ಅರಸನ ಕೈಯಿಂದ, ಹನ್ನೆರಡು ಹಳ್ಳಿಗಳ ಸಮೇತ ನಡೆಯಿತು. ಅಷ್ಟರವರೆಗೆ ಆ ಪಡೆಗೆ ಆಜ್ಞೆ ಕೊಡುವವರೇ ಇರಲಿಲ್ಲ.

ಇದಕ್ಕೆ ಅರ್ಧ ಶತಮಾನದ ಅನಂತರದ ಆತಕೂರಿನ ಶಾಸನವು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಗಂಗ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದುದನ್ನು ಹೇಳುತ್ತದೆ. ಆನೆಯ ಅಂಬಾರಿಯೇ ಕಣವಾಗುವಂತೆ ಕಾದಿದನೆಂದು ಅದರ ವರ್ಣನೆ. ರಾಜಾದಿತ್ಯನು ಆನೆಯ ಮೇಲಿದ್ದಾಗಲೇ ಬಾಣ ತಗುಲಿ ಸತ್ತನೆಂದು ಚೋಳರ ತಾಮ್ರಪಟವೂ ಒಪ್ಪುತ್ತದೆ. ಅದೇ ಕಲ್ಲಿನಲ್ಲಿ ಬೂತುಗನ ಆಳು ಮಣಲೆರನ ಕಥೆಯೂ ಬರುತ್ತದೆ. ಅವನು ಚೋಳಬಲದೊಳಗೆ ನುಗ್ಗಿ ಕಾದಿದುದಕ್ಕೆ ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಅವನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಆ ನಾಯಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು. ಮಣಲೆರನು ಯಾರ ಆಜ್ಞೆಯಿಂದ ನುಗ್ಗಿದನೆಂದು ಶಾಸನ ಹೇಳುವುದಿಲ್ಲ. ಹೇಳುವ ಅಗತ್ಯವೂ ಅದಕ್ಕೆ ತೋರಿಲ್ಲ. ಒಡೆಯನ ಕಣ್ಣೆದುರಿಗೆ ಆಳು ಮಾಡಬೇಕಾದುದನ್ನು ಅವನು ಮಾಡಿದನು. ಜೋಳದಪಾಳಿ ಎಂಬ ಹಳಗನ್ನಡದ ಮಾತಿನ ತಿರುಳು ಇದು: ಉಂಡ ಜೋಳಕ್ಕೆ ಸಲ್ಲಬೇಕಾದ ಋಣ. ಲೆಂಕ, ಗರುಡ, ವೇಳೆವಾಳಿಗಳೆಂಬ ಪದಗಳೂ ಇದೇ ಕುಲದವು. ೧೯೬೬ರಲ್ಲಿ ಪ್ರಕಟವಾದ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಈ ಬಂಧಗಳನ್ನು ವಿಸ್ತಾರವಾಗಿ ಪರಿಶೀಲಿಸಿದೆ.

ಈ ಜಗತ್ತಿಗೆ ಸ್ಥಾನಕವು, ಎಂದರೆ ಇಂದಿನ ಠಾಣೆಯು, ಹೊರಗಿನದಲ್ಲ. ಉತ್ತರ ಕೊಂಕಣದ ಶಿಲಾಹಾರರು ಒಂಬತ್ತನೆಯ ಶತಮಾನದ ಆದಿಯಿಂದ ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿಯ ಗುಹೆಗಳಲ್ಲಿರುವ ಪುಲ್ಲಶಕ್ತಿ ಮತ್ತು ಎರಡನೆಯ ಕಪರ್ದಿಯ ಕಾಲದ ಬರಹಗಳು ಅಮೋಘವರ್ಷನನ್ನು ಒಡೆಯನೆಂದು ಹೆಸರಿಸುತ್ತವೆ. ಅವರು ತಮ್ಮನ್ನು ತಗರಪುರದ ಒಡೆಯರೆಂದು, ಸುವರ್ಣಗರುಡಧ್ವಜರೆಂದು ಕರೆದುಕೊಂಡರು. ಅವರ ಮನೆಮಾತು ಕನ್ನಡವೆಂದು ಆಳ್ತೇಕರರು ವಾದಿಸಿದ್ದುಂಟು. ಎಲ್ಲಕ್ಕಿಂತ ಮಿಗಿಲಾದುದು ಭಿವಂಡಿಯ ಬಳಿಯ ಭಾದಾಣದ ತಾಮ್ರಪಟ. ತೈಲಪನು ರಾಷ್ಟ್ರಕೂಟರನ್ನು ಕೆಡವಿ ಎರಡು ದಶಕಗಳು ಕಳೆದಿದ್ದರೂ ೯೯೭ರಲ್ಲಿ ಅಪರಾಜಿತನು ಆ ಅಳಿದ ಒಡೆಯರ ವಂಶಾವಳಿಯನ್ನೇ ಮೊದಲಿಗೆ ಕೊರೆಯಿಸಿ ಅವರ ಪತನಕ್ಕೆ ಮರುಗಿದ್ದಾನೆ. ಹೊಸ ಚಕ್ರವರ್ತಿಯನ್ನು ಹೊಗಳಿದ್ದರೆ ಲಾಭವಿತ್ತು. ಸಾಮಂತನೇ ಹೀಗಿರುವಾಗ ಅವನ ಆಳುಗಳ ನಿಷ್ಠೆಯನ್ನೂ ಲಾಭದ ಲೆಕ್ಕದಿಂದ ಮಾತ್ರ ಅಳೆಯುವುದು ಕಷ್ಟ.

ಆಜ್ಞೆ ಮುಟ್ಟುವ ಬಗೆಯ ವಿಚಾರದಲ್ಲಿ ಧ್ವಜವೂ ಪಂಚಮಹಾಶಬ್ದವೂ ಗಮನಾರ್ಹ. ಶಿಲಾಹಾರರು ಪಡೆದಿದ್ದ ಈ ಐದು ವಾದ್ಯಗಳ ಗೌರವದಲ್ಲಿ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳು ಸೇರಿದ್ದುವೆಂದು ಕನ್ನಡದ ‘ವಿವೇಕಚಿಂತಾಮಣಿ’ಯಿಂದ ತಿಳಿಯುತ್ತದೆ. ಇದು ಮರ್ಯಾದೆಯ ಚಿಹ್ನೆಯೆಂಬುದು ನಿಜ. ಆದರೆ ಧೂಳಿನ ನಡುವೆ ಒಡೆಯನು ಇನ್ನೂ ಇದ್ದಾನೆಂಬುದನ್ನು ದೂರದ ಆಳಿಗೆ ತಿಳಿಸಬಲ್ಲವು ಆ ಧ್ವನಿಯೂ ಆ ಗರುಡನೂ ಮಾತ್ರವೇ. ಎಡಕ್ಕೆ ಸರಿ, ಐವತ್ತು ಹೆಜ್ಜೆ ಹಿಂದೆಗೆ ಎಂಬ ಸೂಕ್ಷ್ಮಗಳನ್ನು ಭೇರಿ ಹೇಳಲಾರದು.

ಒಡೆಯನು ಇಲ್ಲವಾದಾಗ ಏನಾಗುವುದೆಂಬುದಕ್ಕೆ ಮಲ್ಲಿಕಾರ್ಜುನನ ಕಥೆಯಿದೆ. ಗುಜರಾತಿನ ಕುಮಾರಪಾಲನು ಕಳುಹಿಸಿದ ದಂಡನಾಯಕ ಅಂಬಡನು ಮೊದಲ ಸಲ ಸೋತು ಮರಳಿದನು. ಎರಡನೆಯ ಸಲ ಹೊಳೆಗೆ ಸೇತುವೆ ಕಟ್ಟಿ ದಾಟಿ, ಮಲ್ಲಿಕಾರ್ಜುನನ ಆನೆಯನ್ನೇ ಹತ್ತಿ ಅವನ ತಲೆಯನ್ನು ಕೆಡವಿದನೆಂದು ಮೇರುತುಂಗನ ‘ಪ್ರಬಂಧಚಿಂತಾಮಣಿ’ ಹೇಳುತ್ತದೆ. ಮಲ್ಲಿಕಾರ್ಜುನನ ಶಾಸನಗಳು ೧೧೫೬ ಮತ್ತು ೧೧೬೧ರವು. ಮೇರುತುಂಗನು ಬರೆದುದು ಹದಿನಾಲ್ಕನೆಯ ಶತಮಾನದ ಮೊದಲ ವರ್ಷಗಳಲ್ಲಿ. ‘ಪೃಥ್ವೀರಾಜವಿಜಯ’ವಾದರೋ ಇದೇ ಕೊಂಕಣರಾಜನ ವಧೆಯ ಕೀರ್ತಿಯನ್ನು ಚಾಹಮಾನ ಸೋಮೇಶ್ವರನಿಗೆ ಕೊಡುತ್ತದೆ. ಕೊಂದವನಾರೆಂಬಲ್ಲಿ ಕವಿಗಳಿಗೆ ಜಗಳ. ಕೊಂದೊಡನೆ ಗೆಲವು ಎಂಬಲ್ಲಿ ಇಲ್ಲ. ತಕ್ಕೋಲದ ಅಂಬಾರಿಯೂ ಇದೂ ಒಂದೇ ಪಾಠವನ್ನು ಒದಗಿಸುತ್ತವೆ. ಆನೆಯ ಬೆನ್ನು ಅರಸನನ್ನು ತನ್ನವರಿಗೆಲ್ಲ ತೋರಿಸುತ್ತಿತ್ತು, ಹಾಗೆಯೇ ಪರರಿಗೂ. ‘ಟೋಟಲ್ ವಾರ್’ ಆಟದಲ್ಲಿ ಸೇನಾಪತಿ ಬಿದ್ದೊಡನೆ ದಳಗಳ ಧೈರ್ಯ ಕುಗ್ಗುವಂತೆ ಇರಿಸಿರುವುದು ಈ ದೃಷ್ಟಿಯಿಂದ ಸರಿಯಾಗಿದೆ. ಆದರೆ ಆಗಲೂ ಆಡುವವನ ಹದ್ದಿನ ಕಣ್ಣು ಮುಚ್ಚುವುದಿಲ್ಲ. ಕಣ್ಣನ್ನು ಕುದುರೆಯ ಎತ್ತರಕ್ಕೆ ಇಳಿಸಿದ ಅಂಕಾರಾದ ಆಟವೇ ಇಲ್ಲಿ ಹೆಚ್ಚು ಪ್ರಾಮಾಣಿಕ.

ನೆಲದ ಮಾತು ಇದಾಯಿತು. ಆದರೆ ಈ ನಾಡಿನಲ್ಲಿ ನೆಲವೇ ಕಡಿಮೆ. ಉಲ್ಹಾಸ ನದಿಯು ಕಲ್ಯಾಣವನ್ನು ಬಳಸಿ, ಡೊಂಬಿವಲಿಯ ಉತ್ತರಕ್ಕೆ ಹರಿದು, ಠಾಣೆಯ ಬಳಿ ತಿರುಗಿ ವಸಯಿಯಲ್ಲಿ ಕಡಲನ್ನು ಸೇರುತ್ತದೆ. ಠಾಣೆಯಿಂದ ದಕ್ಷಿಣಕ್ಕಿಳಿಯುವ ಖಾಡಿಯು ನವೀ ಮುಂಬಯಿಯ ಪಶ್ಚಿಮದ ಅಂಚನ್ನು ತೊಳೆಯುತ್ತದೆ. ದಿನಕ್ಕೆರಡು ಬಾರಿ ಭರತ ಬಂದು ಇಳಿಯುವ ಈ ಕೆಸರಿನಲ್ಲಿ, ಕಾಂಡ್ಲಾ ಪೊದೆಗಳ ನಡುವೆ, ಆನೆಯೂ ಕುದುರೆಯೂ ಭಾರವೇ. ಇಲ್ಲಿಯ ಪಡೆಯ ನಿಜವಾದ ಘಟಕ ಹಡಗು. ಬೊರಿವಲಿಯ ಎಕ್ಸಾರದಲ್ಲಿ ದೊರೆತ ವೀರಗಲ್ಲುಗಳಲ್ಲಿ ಕೆಲವು ನೆಲದ ಕಾಳಗದವು, ಉಳಿದವು ಕಡಲಿನವು. ಚೂಪು ಮೂತಿಯ ಹಡಗುಗಳು, ಸಾಲುಸಾಲು ಹುಟ್ಟುಗಳು, ಮೇಲೆ ಆಯುಧಪಾಣಿಗಳು. ಅವುಗಳ ಕಾಲದ ಬಗ್ಗೆ ಒಮ್ಮತವಿಲ್ಲ: ಕೆಲವರು ಹನ್ನೊಂದನೆಯ ಶತಮಾನವೆನ್ನುತ್ತಾರೆ, ಕೆಲವರು ಶಿಲಾಹಾರರ ಕಡೆಯ ಯುದ್ಧವೆನ್ನುತ್ತಾರೆ. ಕಾಲ ಯಾವುದೇ ಇರಲಿ, ಆ ಹುಟ್ಟುಗಳ ಸಾಲು ಹೇಳುವ ಮಾತು ಬೇರೆಯೇ. ನೆಲದ ಮೇಲೆ ಮಣಲೆರನೊಬ್ಬನು ಮುನ್ನುಗ್ಗಬಹುದು, ಹತ್ತು ಮಂದಿ ಹಿಂದೆ ನಿಲ್ಲಬಹುದು. ಹಡಗಿನಲ್ಲಿ ಅದು ಸಾಧ್ಯವಿಲ್ಲ. ಹುಟ್ಟುಗಳು ಒಂದೇ ತಾಳಕ್ಕೆ ಬೀಳದಿದ್ದರೆ ಹಡಗು ತಿರುಗುವುದೇ ಇಲ್ಲ, ಕೂಗಿದರೆ ಎಲ್ಲರಿಗೂ ಕೇಳುವಷ್ಟೇ ಅದರ ಉದ್ದ, ಓಡಿಹೋಗಲು ಎಡೆಯಿಲ್ಲ. ಆಟದವರು ಬಯಸುವ, ಹೇಳಿದೊಡನೆ ತಿರುಗುವ ದಳವು ಮಧ್ಯಯುಗದ ಕೊಂಕಣದಲ್ಲಿ ಎಲ್ಲಾದರೂ ಇದ್ದಿದ್ದರೆ ಅದು ಈ ಹಲಗೆಗಳ ಮೇಲೆಯೇ. ಆಟದ ವಿನ್ಯಾಸವೂ ಇಲ್ಲಿಂದ ಆರಂಭವಾದರೆ ಯುಕ್ತ: ಒಂದು ಹಡಗು, ಅದರ ಮಂದಿ, ಏರುವ ಇಳಿಯುವ ನೀರು.

ಕಡೆಯ ಶಿಲಾಹಾರ ಸೋಮೇಶ್ವರನು ನೆಚ್ಚಿದುದೂ ಇದನ್ನೇ. ಉರಣದ ನೆರೆಯ ರಾಣವಡ ಮತ್ತು ಚಾಂಜೆಗಳಲ್ಲಿ ದೊರೆತ ಅವನ ಶಾಸನಗಳು ೧೨೫೯ ಮತ್ತು ೧೨೬೦ರವು; ಖಾಡಿಯ ಬಾಯಿ ಆಗ ಅವನ ಕೈಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ದೇವಗಿರಿಯ ಯಾದವ ಮಹಾದೇವನು ಆನೆಗಳ ಬಲದೊಡನೆ ಮೇಲೆ ಬಂದನು. ಸೋಮೇಶ್ವರನು ಕಡಲಿಗೆ ಸರಿದನು. ಯಾದವರ ಮಂತ್ರಿ ಹೇಮಾದ್ರಿಯು ಈಜುಬಲ್ಲ ಸೋಮೇಶ್ವರನು ಮಹಾದೇವನ ಆನೆಗಳ ಮದಜಲದಲ್ಲಿ ಸೈನ್ಯಸಮೇತ ಮುಳುಗಿದನೆಂದು ಚಮತ್ಕಾರ ಮಾಡಿದ್ದಾನೆ. ಗೆದ್ದವರ ಆಸ್ಥಾನದ ನಗೆ ಅದು. ಆ ನಗೆಯ ಹಿಂದೆ ಹಡಗು ಬಿಟ್ಟು ಓಡಲಾರದೆ ಅರಸನೊಡನೆ ನೀರುಪಾಲಾದ ಒಂದು ಪಡೆಯಿದೆ; ಅದರ ಒಬ್ಬನ ಹೆಸರೂ ಹೇಮಾದ್ರಿಗೆ ಬೇಕಾಗಿರಲಿಲ್ಲ. ೧೨೭೨ರ ಠಾಣೆಯ ತಾಮ್ರಪಟದಲ್ಲಿ ಕೊಂಕಣದ ಅಧಿಕಾರಿಯಾಗಿ ಕಾಣಿಸಿಕೊಳ್ಳುವವನು ಯಾದವ ರಾಮಚಂದ್ರನ ಅಚ್ಯುತ ನಾಯಕ.